ಲೇಜಿಮ್ ಸಾಲಿನಲ್ಲಿ ತನ್ಮಯಿ

"ಏಕ್! ದೋ! ತೀನ್! ಚಾರ್! ಏ ರೇವಂತ್, ಕೈ ಮೇಲೆ ಎತ್ತೋ! ಲೇಜಿಮ್ ಆಡ್ತಾ ಇದೀಯಾ, ನೊಣ ಓಡಿಸ್ತಾ ಇದೀಯಾ?"

ಪಿ.ಟಿ. ಮೇಷ್ಟ್ರು ಭೈರೇಶ್ ಸಾರ್ ಕೂಗಿದ್ದು ಮೈದಾನದ ಆಚೆ ರಸ್ತೆಗೂ ಕೇಳಿಸಿರಬೇಕು. ಐದನೇ ಕ್ಲಾಸಿನವರೆಲ್ಲ ನಗುತ್ತಲೇ ಕಬ್ಬಿಣದ ಬಿಲ್ಲೆ ಪೋಣಿಸಿದ ಲೇಜಿಮ್ ಬಡಿದರು. ಝಲ್! ಮತ್ತೆ ಎರಡು ಹೆಜ್ಜೆ ಮುಂದೆ. ಝಲ್!

ತನ್ಮಯಿ ನಗಲಿಲ್ಲ. ಅವಳು ಸ್ಟೇಜಿನ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಸುತ್ತ ಎಲ್ಲರ ನೀರಿನ ಬಾಟಲುಗಳಿದ್ದವು.

"ನೀನು ಬಾಟಲ್ ನೋಡ್ಕೋಮ್ಮ" ಎಂದಿದ್ದರು ಸಾರ್. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಬಾಟಲುಗಳು ಎಲ್ಲಿಗೂ ಓಡಿಹೋಗುವ ಹಾಗೆ ಕಾಣಲಿಲ್ಲ. ಕೂತು ಕೂತು ತನ್ಮಯಿಯ ಕಾಲೇ ಜೋಮು ಹಿಡಿದಿತ್ತು.

ಹೋದ ವರ್ಷ ಸ್ಪೋರ್ಟ್ಸ್ ಡೇಯಲ್ಲಿ ಅವಳು ಮುಂದಿನ ಸಾಲಿನಲ್ಲಿದ್ದಳು. ಎಡಗಡೆ ಮೂಲೆ. ಅಲ್ಲಿ ನಿಂತವರು ತಪ್ಪಿದರೆ ಸಾಲು ಪೂರ್ತಿ ತಪ್ಪುತ್ತದೆ. ಈಗ ಆ ಜಾಗದಲ್ಲಿ ಅವಳ ಗೆಳತಿ ಅನು ಇದ್ದಳು. ಅನು ತಿರುಗುವಾಗಲೆಲ್ಲ ಮೆಟ್ಟಿಲ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದಳು. ಹಾಗೆ ನೋಡುತ್ತಾ ಒಂದು ಹೆಜ್ಜೆ ತಪ್ಪಿಸಿದಳು.

"ಅನೂ! ಎಲ್ಲಿ ನೋಡ್ತೀಯಾ?"

"ಬಲಗಾಲು ಕಣೇ!" ಎಂದು ತನ್ಮಯಿಯ ಬಾಯಿಂದ ತಾನಾಗಿಯೇ ಬಂತು.

ಸಾರ್ ತಿರುಗಿ ನೋಡಿದರು. ತನ್ಮಯಿ ತಲೆ ತಗ್ಗಿಸಿ ಬಾಟಲುಗಳನ್ನು ನೋಡಿಕೊಂಡಳು.

ಈ ವರ್ಷ ಶಾಲೆ ಶುರುವಾದ ಸ್ವಲ್ಪ ದಿನಕ್ಕೇ ಅವಳಿಗೆ ಟೈಫಾಯಿಡ್ ಬಂದಿತ್ತು. ಮೊದಲು ಬರೀ ಜ್ವರ. ಆಮೇಲೆ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಒಳಗೆ ಕರುಳಿನಲ್ಲಿ ತೂತು ಬಿದ್ದಿದೆ ಎಂದರು ಡಾಕ್ಟರು. ಆಪರೇಷನ್ ಆಯಿತು. ಕರುಳಿನ ಒಂದು ತುದಿಯನ್ನು ಹೊಟ್ಟೆಯ ಬಲಗಡೆಯಿಂದ ಸ್ವಲ್ಪವೇ ಸ್ವಲ್ಪ ಹೊರಗೆ ತಂದು ಹೊಲಿದರು. ಅದಕ್ಕೆ ಸ್ಟೋಮಾ ಅನ್ನುತ್ತಾರೆ. ನೋಡಲು ಕೆಂಪಗೆ, ಒದ್ದೆಯಾಗಿ, ತುಟಿಯ ಒಳಭಾಗದ ಹಾಗಿರುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ. ಈಗ ಅವಳ ಕಕ್ಕ ಬರುವುದು ಅಲ್ಲಿಂದಲೇ. ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ, ತಡೆದುಕೊಳ್ಳುವಂತೆಯೂ ಇಲ್ಲ. ಅದಕ್ಕೆ ಒಂದು ಚೀಲವನ್ನು ಚರ್ಮಕ್ಕೆ ಅಂಟಿಸಿರುತ್ತಾರೆ. ತುಂಬುತ್ತಾ ಬಂದಾಗ ಬಾತ್‌ರೂಮಿಗೆ ಹೋಗಿ ಖಾಲಿ ಮಾಡಿಕೊಂಡು ಬರಬೇಕು.

ಮೊದಮೊದಲು ತನ್ಮಯಿ ಅದನ್ನು ನೋಡಲೂ ಒಪ್ಪಿರಲಿಲ್ಲ. ಕಣ್ಣು ಮುಚ್ಚಿಕೊಂಡು ಅಳುತ್ತಿದ್ದಳು. ಈಗ ಖಾಲಿ ಮಾಡುವುದು, ತೊಳೆಯುವುದು, ಕ್ಲಿಪ್ ಹಾಕುವುದು ಎಲ್ಲ ಅವಳೇ ಮಾಡಿಕೊಳ್ಳುತ್ತಾಳೆ. ಕರುಳನ್ನು ಮತ್ತೆ ಒಳಗೆ ಸೇರಿಸುವ ಆಪರೇಷನ್ ಇನ್ನೊಂದಿದೆ. ಆದರೆ ಅದು ಯಾವಾಗ ಎಂದು ಡಾಕ್ಟರು ಹೇಳಿಲ್ಲ. ಮೊದಲು ಮಗು ಮೈಕೈ ತುಂಬಿಕೊಳ್ಳಲಿ, ಆಮೇಲೆ ನೋಡೋಣ ಅನ್ನುತ್ತಾರೆ.

ದಸರಾ ರಜೆ ಮುಗಿದ ಮೇಲೆ ಅವಳು ಶಾಲೆಗೆ ವಾಪಸ್ ಬಂದಳು. ಚೀಲದ ವಿಷಯ ಗೊತ್ತಿದ್ದದ್ದು ಕ್ಲಾಸ್ ಮಿಸ್ಸಿಗೆ ಮತ್ತು ಅನುಗೆ ಮಾತ್ರ. ಉಳಿದವರಿಗೆ, ಪಿ.ಟಿ. ಸಾರ್‌ಗೂ ಸೇರಿ, ಗೊತ್ತಿದ್ದದ್ದು ಇಷ್ಟೇ: ತನ್ಮಯಿಗೆ ಹೊಟ್ಟೆ ಆಪರೇಷನ್ ಆಗಿದೆ.

ಸಂಜೆ ಲಗ್ಗೆರೆಯ ಮನೆಗೆ ಬಂದವಳೇ ಬ್ಯಾಗ್ ಇಳಿಸದೆ ಕೇಳಿದಳು.

"ಅಮ್ಮಾ, ನಾನು ಲೇಜಿಮ್‌ಗೆ ಸೇರ್ಕೊಳ್ಲಾ?"

ಅಮ್ಮ ರಮ್ಯಶ್ರೀ ಮೊದಲು ಅವಳ ಬೆನ್ನಿನ ಬ್ಯಾಗನ್ನು ತಾನೇ ತೆಗೆದು ಕೆಳಗಿಟ್ಟಳು.

"ಈ ವರ್ಷ ಬೇಡ ಚಿನ್ನಾ."

"ಯಾಕೆ?"

"ಯಾಕೆ ಅಂದ್ರೆ? ಬಗ್ಗೋದು, ಏಳೋದು, ಕುಣಿಯೋದು... ಹೊಲಿಗೆಗೆ ಏನಾದ್ರೂ ಆದ್ರೆ?"

"ಹೊಲಿಗೆ ಬಿಚ್ಚಿ ಎಷ್ಟು ದಿನ ಆಯ್ತು!"

"ಒಳಗಡೆ ಇರಲ್ವಾ? ಬೇಡ ಅಂದ್ರೆ ಬೇಡ. ಕೈಕಾಲು ತೊಳ್ಕೊಂಡು ಬಾ, ಗಂಜಿ ಮಾಡಿದೀನಿ."

ಅಮ್ಮ ಈಗ ಎಲ್ಲದಕ್ಕೂ ಬೇಡ ಅನ್ನುತ್ತಿದ್ದಳು. ನೀರಿನ ಜಗ್ ಎತ್ತಬೇಡ. ಮೆಟ್ಟಿಲು ಬೇಗ ಹತ್ತಬೇಡ. ಜೋರಾಗಿ ನಗಬೇಡ ಎಂದೂ ಒಮ್ಮೆ ಹೇಳಿದ್ದಳು. ಸೊಪ್ಪು ಸೋಸುತ್ತಾ ಕೂತಿದ್ದ ಅಜ್ಜಿ ಲಕ್ಷ್ಮಿದೇವಮ್ಮ ತಲೆಯೆತ್ತಿ, "ಮಗೂನ ಬೀರುವಿನಲ್ಲಿಟ್ಟು ಬೀಗ ಹಾಕ್ಬಿಡು ರಮ್ಯಾ" ಎಂದರು.

ತನ್ಮಯಿ ಗಂಜಿ ಕುಡಿಯುತ್ತಾ ಯೋಚಿಸಿದಳು. ಅಮ್ಮ ಹೇಳುವುದು ಸರಿಯೋ ತಪ್ಪೋ ಅವಳಿಗೂ ಗೊತ್ತಿರಲಿಲ್ಲ. ಗೊತ್ತಿರುವವರು ಒಬ್ಬರಿದ್ದರು. ಆಸ್ಪತ್ರೆಯ ಭಾಗವ್ವ ಸಿಸ್ಟರ್. ಸ್ಟೋಮಾ ಇರುವವರನ್ನೆಲ್ಲ ನೋಡಿಕೊಳ್ಳುವುದೇ ಅವರ ಕೆಲಸ. ಆ ಶನಿವಾರವೇ ಚೆಕಪ್ಪಿಗೆ ಹೋಗುವುದಿತ್ತು.

ಮರುದಿನ ಬೆಳಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಅವಳು ಪಿ.ಟಿ. ರೂಮಿನ ಬಾಗಿಲಲ್ಲಿ ನಿಂತಳು.

"ಸಾರ್, ಒಂದು ಲೇಜಿಮ್ ಕೊಡ್ತೀರಾ? ಸೋಮವಾರ ವಾಪಸ್ ತರ್ತೀನಿ."

ಭೈರೇಶ್ ಸಾರ್ ಫುಟ್‌ಬಾಲಿಗೆ ಗಾಳಿ ತುಂಬುತ್ತಿದ್ದರು. "ಯಾಕಮ್ಮ? ನಿಂಗೆ ಆಪರೇಷನ್ ಆಗಿದ್ಯಲ್ಲ."

"ಆಸ್ಪತ್ರೆಗೆ ತಗೊಂಡು ಹೋಗ್ಬೇಕು."

"ಆಸ್ಪತ್ರೆಗಾ?" ಸಾರ್ ಪಂಪು ಒತ್ತುವುದನ್ನು ನಿಲ್ಲಿಸಿದರು.

ಇಲ್ಲಿಯವರೆಗೆ ತನ್ಮಯಿ ತಾನಾಗಿ ಯಾರಿಗೂ ಹೇಳಿರಲಿಲ್ಲ. ಅನುಗೂ ಅಮ್ಮನೇ ಹೇಳಿದ್ದು. ಅವಳು ಬಾಗಿಲಿನ ಚಿಲಕವನ್ನು ಹಿಡಿದುಕೊಂಡಳು.

"ಸಾರ್, ನನಗೆ ಹೊಟ್ಟೆ ಹತ್ರ ಒಂದು ಚೀಲ ಇದೆ. ಕಕ್ಕ ಅದ್ರಲ್ಲಿ ಬರುತ್ತೆ. ಅದಕ್ಕೆ ಸ್ಟೋಮಾ ಅಂತಾರೆ. ಲೇಜಿಮ್ ಆಡಬಹುದಾ ಅಂತ ಅಮ್ಮಂಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸಿಸ್ಟರ್‌ಗೆ ಗೊತ್ತಿರುತ್ತೆ. ಆದ್ರೆ ಅವರಿಗೆ ಲೇಜಿಮ್ ಅಂದ್ರೆ ಏನು ಅಂತ ಗೊತ್ತಿಲ್ದೇ ಇದ್ರೆ? ಅದಕ್ಕೆ ತೋರಿಸ್ಬೇಕು."

ಫುಟ್‌ಬಾಲಿನಿಂದ ಸುಯ್ ಎಂದು ಗಾಳಿ ಹೋಗುತ್ತಿತ್ತು. ಸಾರ್ ಎದ್ದು, ಮೂಲೆಯ ಲೇಜಿಮ್ ರಾಶಿಯಲ್ಲಿ ಒಂದೊಂದನ್ನೇ ಎತ್ತಿ ಎತ್ತಿ ನೋಡಿ, ಎಲ್ಲಕ್ಕಿಂತ ಹಗುರವಾದದ್ದನ್ನು ಆರಿಸಿ ಕೊಟ್ಟರು.

"ನಾನು ನಿನ್ನ ಕೂರಿಸಿದ್ದು ಹೆದರಿಕೊಂಡು ಕಣಮ್ಮ. ಏನಾದ್ರೂ ಆದ್ರೆ ಅಂತ."

"ಎಲ್ಲರೂ ಹಾಗೇ ಅಂತಾರೆ ಸಾರ್."

ಶನಿವಾರ ಆಸ್ಪತ್ರೆಯಲ್ಲಿ ಬಟ್ಟೆ ಚೀಲದೊಳಗಿನ ಲೇಜಿಮ್ ಸುಮ್ಮನಿರಲಿಲ್ಲ. ತನ್ಮಯಿ ಒಂದು ಹೆಜ್ಜೆ ಇಟ್ಟರೆ ಝಲ್, ಇನ್ನೊಂದು ಹೆಜ್ಜೆ ಇಟ್ಟರೆ ಝಲ್. ಸಾಲಾಗಿ ಕೂತಿದ್ದವರೆಲ್ಲ ತಲೆ ಎತ್ತಿ ನೋಡಿದರು. ಒಬ್ಬ ತಾತ ಕೋಲಾಟದವರು ಬಂದರೇನೋ ಎಂದುಕೊಂಡು ಎದ್ದೇ ನಿಂತರು.

"ಏನೇ ಅದು ಚೀಲದಲ್ಲಿ?" ಅಮ್ಮ ಪಿಸುಗುಟ್ಟಿದಳು.

"ಸಿಸ್ಟರ್‌ಗೆ ತೋರಿಸೋಕೆ."

ಅಮ್ಮ ಚೀಲದ ಬಾಯಿ ತೆರೆದು ನೋಡಿದಳು. ಅವಳ ಮುಖ ಕೆಂಪಾಯಿತು. ಬೈಯುವಷ್ಟರಲ್ಲಿ ಒಳಗಿನಿಂದ ತನ್ಮಯಿಯ ಹೆಸರು ಕೂಗಿದರು.

ಭಾಗವ್ವ ಸಿಸ್ಟರ್ ಬಾಗಲಕೋಟೆ ಕಡೆಯವರು. ದಪ್ಪ ಕನ್ನಡಕ, ದೊಡ್ಡ ದನಿ. ಸ್ಟೋಮಾ ನೋಡಿದರು, ಸುತ್ತಲಿನ ಚರ್ಮ ನೋಡಿದರು, "ಬಂಗಾರದಂಗ ಐತಿ" ಎಂದರು. ಆಮೇಲೆ ಮೇಜಿನ ಮೇಲೆ ಬಂದು ಕೂತ ಲೇಜಿಮ್ ಅವರ ಕಣ್ಣಿಗೆ ಬಿತ್ತು.

"ಅಯ್ಯ, ಲೇಜೀಮು! ಯಾರ ತಂದಿದ್ದು ಇದನ್ನ?"

"ನಾನು ಸಿಸ್ಟರ್. ನಾನು ಇದನ್ನ ಆಡಬಹುದಾ?"

"ನಾನೇ ಹೇಳ್ತೀನಿ ಸಿಸ್ಟರ್," ಅಮ್ಮ ನಡುವೆ ಬಾಯಿ ಹಾಕಿದಳು, "ಇವಳಿಗೆ ಎಷ್ಟು ಹೇಳಿದ್ರೂ..."

"ತಡೀರಿ ತಾಯಿ. ಮೊದಲ ಹುಡುಗಿ ಹೇಳಲಿ." ಸಿಸ್ಟರ್ ಲೇಜಿಮ್ ಎತ್ತಿ ತೂಕ ನೋಡಿದರು. ಹಾಗೇ ಕೈಯಲ್ಲಿ ಹಿಡಿದಿದ್ದವರು ತಡೆಯಲಾರದೆ ಎರಡು ಸಲ ಬಡಿದೇ ಬಿಟ್ಟರು. ಝಲ್, ಝಲ್! ಪಕ್ಕದ ರೂಮಿನ ಡಾಕ್ಟರು ಇಣುಕಿ ಹೋದರು. "ನಮ್ಮೂರ ಸಾಲ್ಯಾಗ ನಾನೂ ಆಡಿದಾಕಿನ. ಈಗ ತೋರಸು ನೋಡೋಣ, ನೀವು ಏನೇನ ಮಾಡ್ತೀರಿ?"

ತನ್ಮಯಿ ತೋರಿಸಿದಳು. ಮುಂದೆ ಹೆಜ್ಜೆ, ಹಿಂದೆ ಹೆಜ್ಜೆ, ಕೈ ತಲೆಯ ಮೇಲೆ. ಅಷ್ಟಕ್ಕೇ ಅವಳಿಗೆ ಏದುಸಿರು ಬಂತು. ಮೊಣಕಾಲು ನಡುಗಿತು. ಅದನ್ನು ಅಡಗಿಸಲು ನೋಡಿದಳು. ಆದರೆ ಸಿಸ್ಟರ್ ನೋಡಿಬಿಟ್ಟಿದ್ದರು. ಅಮ್ಮನೂ ನೋಡಿದ್ದಳು.

"ನೋಡಿದ್ರಾ?" ಎಂದಳು ಅಮ್ಮ.

"ನೋಡಿದೆ. ಇದು ಹೊಟ್ಟಿ ನೋವಲ್ಲ ತಾಯಿ, ಸುಸ್ತು. ಮಲಗಿ ಮಲಗಿ ಮೈಯಾಗಿನ ಶಕ್ತಿ ಹೋಗೇತಿ. ಸುಮ್ಮನ ಕುಂತಷ್ಟೂ ಇನ್ನೂ ಹೋಗತೈತಿ." ಸಿಸ್ಟರ್ ತನ್ಮಯಿಯ ಕಡೆ ತಿರುಗಿದರು. "ಇವತ್ತ ಲೇಜೀಮು ಬ್ಯಾಡ. ಮೊದಲ ಹೊಟ್ಟಿಗೆ ಶಕ್ತಿ ತರಬೇಕು. ಸಾವಕಾಶ. ನಾ ಹೇಳಿಕೊಟ್ಟದ್ದನ್ನ ದಿನಾ ಮಾಡ್ತೀ?"

"ಮಾಡ್ತೀನಿ."

"ಬ್ಯಾಸರ ಆದ್ರೂ?"

"ಆದ್ರೂ ಮಾಡ್ತೀನಿ."

ಸಿಸ್ಟರ್ ಅವಳನ್ನು ಮಂಚದ ಮೇಲೆ ಅಂಗಾತ ಮಲಗಿಸಿದರು. ಮೊಣಕಾಲು ಮಡಿಸಿ, ಪಾದ ಊರಿ, ಮೂಗಿನಿಂದ ಉಸಿರು ಎಳೆದುಕೊಳ್ಳಬೇಕು. ಬಾಯಿಂದ ನಿಧಾನವಾಗಿ ಬಿಡುತ್ತಾ ಹೊಕ್ಕುಳನ್ನು ಮೆಲ್ಲಗೆ ಒಳಗೆ ಎಳೆದುಕೊಳ್ಳಬೇಕು, ಬಿಗಿ ಪ್ಯಾಂಟಿನ ಗುಂಡಿ ಹಾಕುವಾಗ ಮಾಡುತ್ತೇವಲ್ಲ, ಹಾಗೆ. ಆಮೇಲೆ ಎರಡೂ ಮೊಣಕಾಲನ್ನು ಜೋಡಿಸಿಕೊಂಡು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ವಾಲಿಸಬೇಕು. ಆಮೇಲೆ ನಡಿಗೆ. ಮೊದಲು ಬೀದಿಯ ತುದಿಯವರೆಗೆ, ದಿನ ಕಳೆದ ಹಾಗೆ ಇನ್ನಷ್ಟು ದೂರ.

"ಭಾರ ಎತ್ತೋದು ಇಲ್ಲ. ಮಲಗಿದಲ್ಲಿಂದ ಜಿಗ್ಗನೆ ಏಳೋದು ಇಲ್ಲ. ಮಗ್ಗಲಾಗಿ, ಕೈ ಊರಿ ಏಳಬೇಕು. ನೋವಾದ್ರ ನಿಲ್ಲಿಸಬೇಕು, ನನಗ ಹೇಳಬೇಕು. ಶುರು ಮಾಡೋಕಿಂತ ಮೊದಲ ಚೀಲ ಖಾಲಿ ಮಾಡಬೇಕು. ನೀರು ಕುಡೀಬೇಕು. ತಿಳೀತಾ?"

"ಇಷ್ಟೇನಾ?" ಎಂದಳು ತನ್ಮಯಿ. ಅವಳಿಗೆ ಸ್ವಲ್ಪ ನಿರಾಸೆಯಾಗಿತ್ತು. ಇದನ್ನೆಲ್ಲ ಎಕ್ಸರ್‌ಸೈಜ್ ಅನ್ನುತ್ತಾರೆಯೇ?

"ಇಷ್ಟ. ಮಾಡಿ ನೋಡು" ಎಂದು ಸಿಸ್ಟರ್ ನಕ್ಕರು.

ಮಾಡಿ ನೋಡಿದಾಗ ಗೊತ್ತಾಯಿತು. ಹೊಕ್ಕುಳನ್ನು ಒಳಗೆ ಎಳೆದು ಹಿಡಿದರೆ ಉಸಿರು ಎಲ್ಲೋ ಸಿಕ್ಕಿಕೊಳ್ಳುತ್ತಿತ್ತು. ಉಸಿರು ಸರಿ ಮಾಡಿಕೊಂಡರೆ ಹೊಟ್ಟೆ ಸಡಿಲವಾಗುತ್ತಿತ್ತು. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಅವಳು ಬೆಳಗ್ಗೆಯೂ ಸಂಜೆಯೂ ಹೆಣಗುತ್ತಿದ್ದಳು. ಅಮ್ಮ ಅಡುಗೆಮನೆಯಿಂದ ಮತ್ತೆ ಮತ್ತೆ ಇಣುಕುತ್ತಿದ್ದಳು. ಬೇಡ ಎಂದು ಹೇಳುವಂತಿರಲಿಲ್ಲ, ಸಿಸ್ಟರ್ ಹೇಳಿಬಿಟ್ಟಿದ್ದರಲ್ಲ. ಆದರೆ "ಸಾಕೇನೇ? ಸಾಕಲ್ವಾ?" ಎಂದು ಕೇಳುವುದು ಮಾತ್ರ ನಿಲ್ಲಲಿಲ್ಲ.

ಒಂದು ದಿನ ಅಜ್ಜಿ ಬಂದು ಚಾಪೆಯ ಪಕ್ಕ ನಿಂತರು.

"ಜರುಗೇ. ನಾನೂ ಮಲಗ್ತೀನಿ."

"ನಿಂಗ್ಯಾಕಜ್ಜಿ?"

"ನನ್ನ ಸೊಂಟ ಹಿಡ್ಕೊಂಡು ವರ್ಷಗಟ್ಲೆ ಆಯ್ತು. ನಂಗೂ ಇರ್ಲಿ."

ಅಜ್ಜಿ ಅಂಗಾತ ಮಲಗಿ ಮೊಣಕಾಲು ಮಡಿಸುವಷ್ಟರಲ್ಲಿ ತನ್ಮಯಿಯದು ಅರ್ಧ ಮುಗಿದಿತ್ತು. ಎಡಕ್ಕೆ ವಾಲಿಸು ಅಂದರೆ ಅಜ್ಜಿ ಬಲಕ್ಕೆ ವಾಲಿಸಿದರು. ಇಬ್ಬರ ಮೊಣಕಾಲುಗಳೂ ಟಕ್ ಎಂದು ಡಿಕ್ಕಿ ಹೊಡೆದವು. ಇಬ್ಬರೂ ನಕ್ಕರು. ನಗುವಾಗ ಹೊಟ್ಟೆ ತಾನಾಗಿಯೇ ಒಳಗೆ ಹೋಗುತ್ತದೆ ಎಂದು ತನ್ಮಯಿಗೆ ಆಗ ಗೊತ್ತಾಯಿತು.

"ಈಗ ಏಳೋದು ಹೇಗೆ?" ಎಂದರು ಅಜ್ಜಿ.

"ಜಿಗ್ಗನೆ ಏಳಬಾರದು. ಮಗ್ಗಲಾಗಿ ಕೈ ಊರು."

"ಜಿಗ್ಗನೆ ಏಳೋ ಕಾಲ ಹೋಯ್ತು ಬಿಡು!"

ಸಂಜೆ ನಡಿಗೆಗೆ ಅಪ್ಪ ಸಂಪತ್ ಜೊತೆಯಾಗುತ್ತಿದ್ದ. ಪೀಣ್ಯದ ಫ್ಯಾಕ್ಟರಿಯಿಂದ ಬಂದವನು ಕಾಫಿ ಕುಡಿದು ಮತ್ತೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಲಗ್ಗೆರೆಯ ಬೀದಿಗಳಲ್ಲಿ ಸುಮ್ಮನೆ ನಡೆಯುವುದೂ ಒಂದು ಕಸರತ್ತೇ. ಒಂದು ಕಡೆ ಜಲ್ಲಿ ರಾಶಿ, ಇನ್ನೊಂದು ಕಡೆ ನಿಂತ ಟೆಂಪೋ, ನಡುವೆ ಹಾರ್ನ್ ಹೊಡೆಯುವ ಬೈಕುಗಳು. ಮೊದಲ ದಿನ ಅವಳು ಬೇಕರಿಯವರೆಗೆ ಹೋಗಿ ಅಲ್ಲಿನ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಪ್ಪ ಪಕ್ಕದಲ್ಲಿ ನಿಂತ. ಇನ್ನೊಂದು ದಿನ ಬೇಕರಿ ದಾಟಿ ದೇವಸ್ಥಾನ. ಆಮೇಲೆ ಏರು ಹತ್ತಿ ಬಸ್ ಸ್ಟಾಪು.

ಎಲ್ಲ ದಿನವೂ ಒಂದೇ ಥರ ಇರಲಿಲ್ಲ. ಒಮ್ಮೆ ಹೊಟ್ಟೆ ಕೆಟ್ಟು ಚೀಲ ಮತ್ತೆ ಮತ್ತೆ ತುಂಬಿತು. ಬಾಯಿ ಒಣಗಿ ತಲೆ ಸುತ್ತಿತು. ಅಮ್ಮ ಓ.ಆರ್.ಎಸ್. ಕಲಸಿ ಕಲಸಿ ಕುಡಿಸಿದಳು. ಎರಡು ದಿನ ಚಾಪೆ ಬಿಚ್ಚಲಿಲ್ಲ. ಮೂರನೆಯ ದಿನ ಅಮ್ಮ ನೋಡುತ್ತಿದ್ದ ಹಾಗೆಯೇ ತನ್ಮಯಿ ಚಾಪೆ ತಂದು ಹಾಸಿದಳು.

"ಇವತ್ತೂ ಬೇಕಾ?"

"ಉಸಿರು ಒಂದೇ ಮಾಡ್ತೀನಮ್ಮ. ಅದು ಮಲಗಿದ ಹಾಗೇ ಅಲ್ವಾ?"

ಅಮ್ಮ ಒಳಗೆ ಹೋದಳು.

ಮುಂದಿನ ಚೆಕಪ್ಪಿಗೆ ತನ್ಮಯಿ ಸಾರ್ ಹತ್ತಿರ ಕೇಳಿ ಮತ್ತೆ ಲೇಜಿಮ್ ತೆಗೆದುಕೊಂಡು ಹೋದಳು. ಈ ಸಲ ಅದಕ್ಕೆ ಅಜ್ಜಿಯ ಹಳೆಯ ಸೀರೆಯ ತುಂಡು ಸುತ್ತಿದ್ದಳು, ಸದ್ದಾಗದಿರಲಿ ಎಂದು. ಸಿಸ್ಟರ್ ಮುಂದೆ ಇಡೀ ಡ್ರಿಲ್ ಮಾಡಿ ತೋರಿಸಿದಳು. ಏದುಸಿರು ಬಂತು, ಆದರೆ ಮೊಣಕಾಲು ನಡುಗಲಿಲ್ಲ. ಸಿಸ್ಟರ್ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕೆಮ್ಮಲು ಹೇಳಿದರು, ಎದ್ದು ನಿಲ್ಲಲು ಹೇಳಿದರು. ಡಾಕ್ಟರನ್ನೂ ಕರೆದು ತೋರಿಸಿದರು. ಅವರು ತೂಕ ನೋಡಿ ಸರಿ ಎಂಬಂತೆ ತಲೆಯಾಡಿಸಿದರು.

"ಆಡಲಿ" ಎಂದರು ಭಾಗವ್ವ ಸಿಸ್ಟರ್. "ಕುಕ್ಕರಗಾಲಲ್ಲಿ ಕುಂದ್ರೋದು, ಬಗ್ಗಿ ತಿರುಗೋದು ಮಾತ್ರ ಬ್ಯಾಡ. ಅಲ್ಲಿ ನಿಂತಕೊಂಡ ಕೈ ಆಡಿಸಲಿ. ಹೊಟ್ಟಿಗೆ ಬೆಲ್ಟ್ ಹಾಕ್ಕೊಳ್ಳಲಿ." ಆಮೇಲೆ ಅಮ್ಮನ ಕಡೆ ನೋಡಿ ದನಿ ತಗ್ಗಿಸಿದರು. "ನಿಮಗ ಅಂಜಿಕಿ ಆಗತೈತಿ. ಗೊತ್ತೈತಿ ನನಗ."

ಅಮ್ಮ ಮನೆಗೆ ಬಂದು ಪಿ.ಟಿ. ಸಾರ್‌ಗೆ ಫೋನ್ ಮಾಡಿದಳು. "ಆಡಲಿ ಸಾರ್" ಎನ್ನುವುದನ್ನು ಬೇಗ ಹೇಳಿ ಮುಗಿಸಿದಳು. "ಸ್ವಲ್ಪ ಏನಾದ್ರೂ ಅನ್ನಿಸಿದ್ರೂ ನಂಗೆ ಫೋನ್ ಮಾಡಿ ಸಾರ್, ತಕ್ಷಣ ಬರ್ತೀನಿ" ಎನ್ನುವುದನ್ನು ಮಾತ್ರ ಬೇರೆ ಬೇರೆ ಥರದಲ್ಲಿ ತುಂಬ ಹೊತ್ತು ಹೇಳಿದಳು.

ಮರುದಿನ ಭೈರೇಶ್ ಸಾರ್ ತನ್ಮಯಿಯನ್ನು ಎರಡನೇ ಸಾಲಿನ ತುದಿಯಲ್ಲಿ ನಿಲ್ಲಿಸಿದರು. "ಇವಳು ಕೂರಲ್ಲ, ಬಗ್ಗಲ್ಲ. ನಿಂತೇ ಆಡ್ತಾಳೆ. ಯಾರೂ ಯಾಕೆ ಏನು ಅಂತ ಕೇಳೋ ಹಾಗಿಲ್ಲ" ಎಂದರು. ಮುಂದಿನ ಸಾಲು ಸಿಗಲಿಲ್ಲ. ಆದರೂ ಮೊದಲ ಏಟಿಗೆ ಕೈಯಲ್ಲಿ ಲೇಜಿಮ್ ಝಲ್ ಎಂದಾಗ ಆ ಸದ್ದು ಭುಜದವರೆಗೆ ಹತ್ತಿ ಬಂತು. ಅವಳಿಗೆ ಸುಮ್ಮಸುಮ್ಮನೆ ನಗು ಬಂತು.

ಕೆಲವು ದಿನ ಎಲ್ಲ ಚೆನ್ನಾಗಿಯೇ ನಡೆಯಿತು. ಸ್ಪೋರ್ಟ್ಸ್ ಡೇ ಹತ್ತಿರ ಬಂದ ಹಾಗೆ ಪ್ರಾಕ್ಟೀಸು ಊಟದ ಬಿಡುವಾದ ಕೂಡಲೇ ಶುರುವಾಗತೊಡಗಿತು. ಆ ಗುರುವಾರ ತನ್ಮಯಿ ಊಟ ಮುಗಿಸುವುದು ತಡವಾಯಿತು. ಹೊರಗೆ ಸೀಟಿ ಕೇಳಿಸಿತು.

"ಬಾತ್‌ರೂಮಿಗೆ ಹೋಗಿ ಖಾಲಿ ಮಾಡ್ಕೊಂಡು ಬಾರೇ" ಎಂದಳು ಅನು.

"ಆಮೇಲೆ ಹೋಗ್ತೀನಿ. ಬಾ, ಸಾರ್ ಕರೀತಾ ಇದಾರೆ."

ಡ್ರಿಲ್ಲಿನ ನಡುವೆ ಅವಳಿಗೆ ಬೆಲ್ಟಿನ ಕೆಳಗೆ ಬೆಚ್ಚಗೆ, ಒದ್ದೆಯಾಗಿ ಅನ್ನಿಸಿತು. ಅವಳು ಹೆಜ್ಜೆ ನಿಲ್ಲಿಸಿದಳು.

"ಥೂ, ಏನೋ ವಾಸನೆ" ಎಂದ ಪಕ್ಕದಲ್ಲಿದ್ದ ರೇವಂತ್. "ಯಾರೋ ಅದು?"

ಹಿಂದಿನ ಸಾಲಿನಲ್ಲಿ ಯಾರೋ ಮೂಗು ಮುಚ್ಚಿಕೊಂಡು ನಕ್ಕರು. ತನ್ಮಯಿ ಬಗ್ಗಿ ನೋಡಿದಳು. ಬಿಳಿ ಶರ್ಟಿನ ಮೇಲೆ ಕಲೆ ಹರಡುತ್ತಿತ್ತು. ಅವಳ ಕೈಯಿಂದ ಲೇಜಿಮ್ ಜಾರಿ ಬಿತ್ತು. ಅವಳು ಕೈಯಿಂದ ಶರ್ಟನ್ನು ಮುಚ್ಚಿಕೊಂಡು ನೇರವಾಗಿ ಬಾತ್‌ರೂಮಿನ ಕಡೆ ನಡೆದಳು.

ಅನು ಅವಳ ಬ್ಯಾಗ್ ಹಿಡಿದು ಹಿಂದೆಯೇ ಓಡಿ ಬಂದಳು. ಬಾಗಿಲ ಕೆಳಗಿನಿಂದ ಒಂದೊಂದೇ ಸಾಮಾನು ಒಳಗೆ ಬಂತು. ಹೊಸ ಚೀಲ. ಟಿಶ್ಯೂ. ಬೇರೆ ಯೂನಿಫಾರ್ಮು. ತನ್ಮಯಿ ಅಳುತ್ತಲೇ ಹಳೆಯದನ್ನು ಬಿಡಿಸಿದಳು, ತೊಳೆದಳು, ಚರ್ಮ ಒರೆಸಿದಳು. ಹೊಸ ಚೀಲ ಸರಿಯಾಗಿ ಕೂರಲಿಲ್ಲ. ಮತ್ತೆ ಒರೆಸಿ, ಅಂಗೈಯಿಂದ ಒತ್ತಿ ಹಿಡಿದುಕೊಂಡಳು. ಅಂಗೈಯ ಬಿಸಿಗೆ ಅದು ಮೆಲ್ಲಗೆ ಅಂಟಿತು.

"ಮಿಸ್ ನಿಮ್ಮಮ್ಮಂಗೆ ಫೋನ್ ಮಾಡಿದಾರೆ ಕಣೇ" ಎಂದಳು ಅನು ಹೊರಗಿನಿಂದ. "ಬರ್ತಾ ಇದಾರಂತೆ. ಕರ್ಕೊಂಡು ಹೋಗ್ತಾರಂತೆ."

ತನ್ಮಯಿ ಮುಖ ತೊಳೆದುಕೊಂಡಳು. ಅಮ್ಮ ಬರುವವರೆಗೆ ಇಲ್ಲೇ ಇರಬಹುದು. ಯಾರೂ ಏನೂ ಅನ್ನುವುದಿಲ್ಲ. ನಾಳೆಯಿಂದ ಮತ್ತೆ ಮೆಟ್ಟಿಲು, ಮತ್ತೆ ಬಾಟಲು. ಮೈದಾನದಿಂದ ಲೇಜಿಮ್ ಸದ್ದು ಕೇಳುತ್ತಲೇ ಇತ್ತು.

ಅವಳು ಚಿಲಕ ತೆಗೆದಳು.

"ಕ್ಲಾಸಿಗಾ?" ಎಂದಳು ಅನು.

"ಗ್ರೌಂಡಿಗೆ."

ಅವಳು ಸಾಲಿಗೆ ಬಂದು ನಿಂತಾಗ ಸಾರ್ ಸೀಟಿ ಊದುವುದನ್ನು ನಿಲ್ಲಿಸಿದರು. ಎಲ್ಲರೂ ಅವಳನ್ನೇ ನೋಡಿದರು. ರೇವಂತ್‌ನ ಕೈಯಲ್ಲಿ ಎರಡು ಲೇಜಿಮ್‌ಗಳಿದ್ದವು.

"ಏನಾಯ್ತೇ ನಿಂಗೆ?" ಎಂದು ಅವನು ಕೇಳಿಯೇ ಬಿಟ್ಟ.

"ನಂಗೆ ಹೊಟ್ಟೆ ಹತ್ರ ಒಂದು ಚೀಲ ಇದೆ. ಕಕ್ಕ ಅದ್ರಲ್ಲಿ ಬರುತ್ತೆ. ಅದು ಲೀಕ್ ಆಯ್ತು. ಚೇಂಜ್ ಮಾಡ್ಕೊಂಡು ಬಂದೆ."

ಇಷ್ಟು ಜೋರಾಗಿ ಹೇಳಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಹಿಂದಿನ ಸಾಲಿನವರೆಗೂ ಕೇಳಿಸಿತ್ತು. ರೇವಂತ್ ಬಾಯಿ ತೆರೆದುಕೊಂಡು ಅವಳ ಹೊಟ್ಟೆಯ ಕಡೆ ನೋಡಿದ. ಆಮೇಲೆ ಅವಳ ಮುಖ ನೋಡಿದ.

"ನೋವಾಗುತ್ತಾ?"

"ಇಲ್ಲ."

"ನಂಗೆ ಗೊತ್ತಿರ್ಲಿಲ್ಲ" ಎಂದ ಅವನು. "ತಗೋ, ನಿನ್ ಲೇಜಿಮ್. ಮಣ್ಣಾಗಿತ್ತು, ಒರೆಸಿದೀನಿ."

"ಸಾಲು ಸರಿ ಮಾಡ್ಕೊಳ್ಳಿ!" ಎಂದರು ಸಾರ್. ಅವರ ದನಿ ಯಾಕೋ ಎಂದಿನಷ್ಟು ದೊಡ್ಡದಾಗಿರಲಿಲ್ಲ. "ಮೊದಲಿಂದ. ಏಕ್!"

ಆಗ ಗೇಟಿನ ಹೊರಗೆ ಆಟೋ ನಿಂತಿತು. ಅಮ್ಮ ಇಳಿದು ಓಡುತ್ತಾ ಬಂದಳು. ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ, ತೋಳಿನಲ್ಲಿ ಬಟ್ಟೆಯ ಕವರು. ಅವಳು ಮೊದಲು ಮೆಟ್ಟಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಸಾಲುಗಳ ಕಡೆ ನೋಡಿದಳು. ತನ್ಮಯಿಯನ್ನು ಕಂಡು ಕರೆಯಲು ಕೈ ಎತ್ತಿದಳು.

ತನ್ಮಯಿ ಅಲ್ಲಿಂದಲೇ ಬೇಡ ಎಂಬಂತೆ ತಲೆಯಾಡಿಸಿದಳು. ಈಗ ಬರಲ್ಲಮ್ಮ.

ಅಮ್ಮನ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅವಳು ಹತ್ತಿರ ಬರಲಿಲ್ಲ, ಕೂಗಲೂ ಇಲ್ಲ. ಕಾಂಪೌಂಡ್ ಗೋಡೆಗೆ ಒರಗಿ ನಿಂತಳು.

ಏಕ್, ದೋ. ಎಲ್ಲರ ಲೇಜಿಮ್‌ಗಳೂ ತಲೆಯ ಮೇಲೆ ಹೋದವು. ತಿರುಗುವಾಗ ತನ್ಮಯಿ ಮತ್ತೆ ಗೋಡೆಯ ಕಡೆ ನೋಡಿದಳು. ಅಮ್ಮನ ಕೈ ಈಗ ಅಮ್ಮನದೇ ಹೊಟ್ಟೆಯ ಮೇಲಿತ್ತು. ಬಲಗಡೆ. ತನ್ಮಯಿ ಕೈ ಎತ್ತಿದಾಗಲೆಲ್ಲ ಅಮ್ಮನ ಬೆರಳುಗಳು ಅಲ್ಲಿ ಬಟ್ಟೆಯನ್ನು ಬಿಗಿಯಾಗಿ ಹಿಡಿಯುತ್ತಿದ್ದವು. ಕೈ ಇಳಿಸಿದಾಗ ಸಡಿಲವಾಗುತ್ತಿದ್ದವು. ಹಾಗೆ ಮಾಡುತ್ತಿರುವುದು ಅಮ್ಮನಿಗೆ ಗೊತ್ತಿರುವಂತೆಯೇ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ್ದು ತನಗೊಬ್ಬಳಿಗೇ ಎಂದುಕೊಂಡಿದ್ದಳು ತನ್ಮಯಿ.

"ತೀನ್!" ಎಂದರು ಸಾರ್. ಅವಳು ಅಮ್ಮನಿಗೆ ಚೆನ್ನಾಗಿ ಕಾಣುವ ಹಾಗೆ ಸ್ವಲ್ಪ ಆ ಕಡೆ ತಿರುಗಿದಳು. ಲೇಜಿಮ್ ಅನ್ನು ನಿಧಾನವಾಗಿ, ಉಸಿರು ಬಿಡುತ್ತಾ, ಪೂರ್ತಿ ಮೇಲೆ ಎತ್ತಿದಳು. ನೋವಿಲ್ಲದ ಮುಖ ಹೇಗಿರುತ್ತದೋ ಹಾಗೆಯೇ ಇಟ್ಟುಕೊಂಡಳು. ಇಟ್ಟುಕೊಳ್ಳುವುದೇನು, ನೋವು ನಿಜವಾಗಿಯೂ ಇರಲಿಲ್ಲ.

ಅಮ್ಮನ ಕೈ ಇನ್ನೂ ಹೊಟ್ಟೆಯ ಮೇಲೆಯೇ ಇತ್ತು. ಇರಲಿ. ಇವತ್ತೇ ತೆಗೆಯಬೇಕೆಂದೇನೂ ಇಲ್ಲ.

"ಚಾರ್!"

ತನ್ಮಯಿ ಹೆಜ್ಜೆ ಮುಂದಿಟ್ಟಳು.